ಹಳೇ ಮೊರ, ಲಗ್ನಪತ್ರಿಕೆ, ಹುಣಸೆ ಬೀಜ

ಮಡಕಶಿರಾ ಸೀಮೆಯ ನಮ್ಮ ರತ್ನಗಿರಿ ಕಡೆ ಕಡಲೆಕಾಯಿ, ರಾಗಿ ಬೆಳೆಯುವವರ ಮನೆಯಲ್ಲಿ ಮೊರಕ್ಕೆ ಪುರುಸೊತ್ತಿಲ್ಲ. ಕೇರಿ ಕೇರಿ ಸವೆದವು, ಗೌರಿ ಹಬ್ಬದ ಬಾಗಿನಕ್ಕೆ ಬಂದವು ಎಲ್ಲ ಸೇರಿ ಅಟ್ಟ ತುಂಬುತ್ತವೆ. ಸೀಳು ಬಿಟ್ಟುಕೊಂಡದ್ದನ್ನು ನೀರೊಲೆಗೆ ಹಾಕುವವರೇ ಹೆಚ್ಚು. ನಾನಂತೂ ಹಾಕಗೊಡುವುದಿಲ್ಲ.

ಮೊರಕ್ಕೆ ಮೆಂತ್ಯ-ಕಾಗದ ಬಳಿಯುವುದು ನಮ್ಮ ಅಮ್ಮಂದಿರ ಪದ್ಧತಿ. ಬಿದಿರ ಸಂದಿಯಲ್ಲಿ ಹಿಟ್ಟು ಸೋರಬಾರದು, ಹುಳ ಹಿಡಿಯಬಾರದು ಅಂತ ಬಳಿಯುತ್ತಿದ್ದರು. ಅಂದಚಂದ ಆಮೇಲಿನ ಮಾತು. ನಾನೂ ಅದೇ ಕ್ರಮ ಹಿಡಿಯುತ್ತೇನೆ: ಮೊದಲು ಗಟ್ಟಿ, ಆಮೇಲೆ ಚೆಂದ.

ಮೊರವನ್ನು ತೊಳೆದು ಒಣಗಿಸಿ, ಬಿಚ್ಚಿದ ಅಂಚನ್ನು ದಾರದಿಂದ ಬಿಗಿದುಕೊಳ್ಳಿ. ಹಿಡಿ ಮೆಂತ್ಯ, ಚೂರು ಮಾಡಿದ ಹಳೇ ಪೇಪರು ಬೇರೆ ಬೇರೆ ರಾತ್ರಿಯೆಲ್ಲ ನೆನೆಯಲಿ. ಪೇಪರಿನ ನೀರು ಹಿಂಡಿ, ಎರಡನ್ನೂ ಒಟ್ಟಿಗೆ ನುಣ್ಣಗೆ ರುಬ್ಬಿ. ಮೆಂತ್ಯದಲ್ಲಿರುವ ಗ್ಯಾಲಕ್ಟೋಮನ್ನಾನ್ ನೀರು ಕುಡಿದು ಲೋಳೆಯಾಗುತ್ತದೆ, ಒಣಗಿದರೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗೋರಿಕಾಯಿ ಬೀಜದಿಂದ ತೆಗೆಯುವ ಗೌರ್ ಗಮ್ ಕೂಡ ಇದೇ ಜಾತಿಯದು. ರುಬ್ಬಿದ್ದನ್ನು ಅಂಗೈಯಿಂದ ಎರಡೂ ಬದಿಗೆ ತೆಳ್ಳಗೆ ಒತ್ತಿ ಮೆತ್ತಿ, ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ನೇರ ಇಟ್ಟರೆ ಮೇಲ್ಪದರ ಬೇಗ ಒಣಗಿ ಬಿರುಕು ಬಿಡುತ್ತದೆ.

ಇನ್ನು ಅಲಂಕಾರ. ಅಂಗಡಿಯ ಬಣ್ಣದ ಕಾಗದ ಬೇಕಿಲ್ಲ. ಬೀರುವಿನಲ್ಲಿ ಲಗ್ನಪತ್ರಿಕೆಗಳು ಇದ್ದೇ ಇರುತ್ತವೆ. ಗಣಪತಿ, ವೆಂಕಟರಮಣನ ಚಿತ್ರವಿರುವುದರಿಂದ ಕಸಕ್ಕೆ ಹಾಕಲು ಮನಸ್ಸು ಬಾರದೆ ಉಳಿದವು. ದಪ್ಪ ರಟ್ಟಾದರೆ ನೆನೆಸಿ ಮೇಲಿನ ಪದರ ಸುಲಿದುಕೊಳ್ಳಿ. ಕತ್ತರಿಗಿಂತ ಕೈಯಲ್ಲಿ ಹರಿದ ತುಂಡು ಒಳ್ಳೆಯದು: ಹರಿದ ಅಂಚು ತೆಳುವಾಗಿ ಪಕ್ಕದ ತುಂಡಿನೊಳಗೆ ಕೂಡಿಕೊಳ್ಳುತ್ತದೆ.

ಅಂಟಿಗೆ ಹುಣಸೆ ಬೀಜ. ಹಿಂದೂಪುರದ ಹುಣಸೆ ಮಾರುಕಟ್ಟೆ ದೊಡ್ಡದು, ನಮ್ಮಲ್ಲಿ ಬೀಜಕ್ಕೆ ಬರವೇ? ಹುರಿದು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ನೀರು ಬೆರೆಸಿ ಸರಿಯಂತೆ ಕಾಯಿಸಿದರೆ ಆಯಿತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ನಂಬಿರುವುದೂ ಇದೇ ಅಂಟನ್ನು. ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಮುಟ್ಟದು. ಆದರೆ ಅದು ವಿಷ, ಮಕ್ಕಳ ಕೈಗೆ ಸಿಗದಿರಲಿ. ಕಾಗದವನ್ನು ನಡುವಿನಿಂದ ಅಂಚಿಗೆ ತೀಡಿದರೆ ಗಾಳಿಗುಳ್ಳೆ ಉಳಿಯುವುದಿಲ್ಲ. ಒಣಗಿದ ಮೇಲೆ ಒಂದು ಕೈ ವಾರ್ನಿಶ್ ಎಳೆಯಿರಿ.

ಒಂದು ಎಚ್ಚರಿಕೆ. ಅಚ್ಚಿನ ಶಾಯಿ ಹೊಟ್ಟೆಗೆ ಸೇರಬಾರದು. ತಿನಿಸನ್ನು ಪೇಪರಿನಲ್ಲಿ ಕಟ್ಟಬೇಡಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಹಾಗಾಗಿ ಈ ಮೊರದಲ್ಲಿ ಅರಿಸಿನ-ಕುಂಕುಮದ ಬಟ್ಟಲು, ರವಿಕೆ ಕಣ, ಬಳೆ ಇಡಿ, ಇಲ್ಲವೇ ಗೋಡೆಗೆ ತೂಗುಹಾಕಿ. ರಾಗಿ ಹಿಟ್ಟಿನ ಮೊರಕ್ಕೆ ಅಚ್ಚಿಲ್ಲದ ಬಿಳಿ ಕಾಗದ, ಮೆಂತ್ಯ ಇಷ್ಟೇ ಸಾಕು. ಅದಕ್ಕೆ ಚಿತ್ರವೂ ಬೇಡ, ವಾರ್ನಿಶ್ಶೂ ಬೇಡ.