ದಿನಬಾಡಿಗೆಗೆ ಕೋಣೆ ಕೊಡಬಹುದೆ?

ಪ್ರಶ್ನೆ: ಹೊಸೂರಿನ ಮೂಕಂಡಪಲ್ಲಿಯಲ್ಲಿ ನಮ್ಮ ಮನೆಯ ಮಹಡಿ ಖಾಲಿಯಿದೆ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶಕ್ಕೆ ಕೆಲಸದ ಮೇಲೆ ಬರುವವರಿಗೆ ದಿನಬಾಡಿಗೆಗೆ ಕೊಡಬಹುದೆ?

ಉತ್ತರ: ಕೊಡಬಹುದು. ಬೆಂಗಳೂರು ಕೂಗಳತೆಯಲ್ಲಿದ್ದರೂ ಹೊಸೂರು ತಮಿಳುನಾಡಿನಲ್ಲಿರುವುದರಿಂದ ಕರ್ನಾಟಕದ ಹೋಂಸ್ಟೇ ನಿಯಮ ನಿಮಗೆ ಅನ್ವಯಿಸದು. ವಿಚಾರಿಸಬೇಕಾದದ್ದು 2019ರಲ್ಲಿ ಮಹಾನಗರ ಪಾಲಿಕೆಯಾದ ಹೊಸೂರಿನ ಕಚೇರಿಯಲ್ಲಿ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯ ಮಾನ್ಯತೆ ಬೇಕಿದ್ದರೆ ಮನೆಯವರು ಅಲ್ಲೇ ವಾಸವಿರಬೇಕು, ಕೋಣೆಗಳು ಆರನ್ನು ಮೀರಬಾರದು.

ವಿದೇಶಿಯರು ತಂಗಿದರೆ ಮಾತ್ರ ಸಡಿಲ ಬೇಡ. ಕಾರ್ಖಾನೆಗಳ ಊರಲ್ಲಿ ಜಪಾನಿ, ಜರ್ಮನ್ ಎಂಜಿನಿಯರುಗಳು ಬಾಗಿಲು ತಟ್ಟುವುದು ಅಚ್ಚರಿಯೇನಲ್ಲ. ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಲೇಬೇಕು. ಒಂದು ರಾತ್ರಿಯ ಅತಿಥಿಯಾದರೂ ಸರಿ.

ಮುಂದೆ ಮನಸ್ಸು ಬದಲಿಸಿ ಮಹಿಳಾ ಕಾರ್ಮಿಕರಿಗೆ ಪಿ.ಜಿ. ನಡೆಸುವುದಾದರೆ, ತಮಿಳುನಾಡಿನ 2014ರ ಹಾಸ್ಟೆಲ್ ಕಾಯ್ದೆಯಂತೆ ಜಿಲ್ಲಾಧಿಕಾರಿಯ ಪರವಾನಗಿ ಬೇಕು.