ನಿಮಗಿದು ಗೊತ್ತೆ? ಬ್ಲೇಡ್ ಹಾಕಿಸಿದ ಪಿಕಪ್ ವಾಲುವುದೇಕೆ?

ಪೀಣ್ಯದ ಕಾರ್ಖಾನೆಗಳಿಗೆ ಕಬ್ಬಿಣ ಸಾಗಿಸುವ ಪಿಕಪ್‌ಗಳ ಹಿಂದಿನ ಆಕ್ಸಲ್‌ನ ಸ್ಪ್ರಿಂಗ್‌ಗೆ ಹೆಚ್ಚುವರಿ ಬ್ಲೇಡ್ ಹಾಕಿಸುವುದು ಮಾಮೂಲಿ. ಆಮೇಲೆ ಗಾಡಿ ಒಂದು ಪಕ್ಕಕ್ಕೆ ವಾಲಿದರೆ ಹೊಸ ಬ್ಲೇಡನ್ನೇ ಬೈಯುತ್ತಾರೆ. ಎಷ್ಟೋ ಸಲ ತಪ್ಪಿರುವುದು ಸ್ಪ್ಯಾನರ್ ಹಿಡಿದ ಕೈಯಲ್ಲಿ. ಜಾಕ್ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಬ್ಲೇಡ್ ಸೆಟ್ಟನ್ನು ಚಾಸಿಗೆ ಜೋಡಿಸುವ ಶಾಕಲ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ಅದು ತಿರುಚಿಕೊಂಡು ಆ ಮೂಲೆಯನ್ನು ಎತ್ತರದಲ್ಲೇ ನಿಲ್ಲಿಸುತ್ತದೆ. ಬೋಲ್ಟ್ ಸಡಿಲಿಸಿ, ಭಾರ ಚಕ್ರಗಳ ಮೇಲೆ ಕೂತಿರುವಾಗ ಮತ್ತೆ ಬಿಗಿಸಿದರೆ ಮುಗಿಯಿತು, ಖರ್ಚೂ ಕಡಿಮೆ.

ವಾಲಿಕೆಯನ್ನು ರಸ್ತೆಯಲ್ಲಿ ಅಳೆಯಬೇಡಿ. ಮಳೆನೀರು ಹರಿಯಲೆಂದು ರಸ್ತೆಯೇ ಅಂಚಿಗೆ ಇಳಿಜಾರಾಗಿರುತ್ತದೆ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ, ಟೈರ್ ಗಾಳಿ ಸರಿಮಾಡಿ, ಆಕ್ಸಲ್‌ನಿಂದ ಚಾಸಿಯವರೆಗೆ ಎರಡೂ ಪಕ್ಕ ಟೇಪ್ ಹಿಡಿಯಿರಿ. ಬೋಲ್ಟ್ ಮತ್ತೆ ಬಿಗಿಸಿದ ಮೇಲೂ ವ್ಯತ್ಯಾಸ ಹೋಗದಿದ್ದರೆ ಎಡ-ಬಲದ ಬ್ಲೇಡ್ ಸೆಟ್‌ಗಳನ್ನು ಅದಲುಬದಲು ಮಾಡಿಸಿ: ವಾಲುವ ಪಕ್ಕವೂ ಬದಲಾದರೆ ದೋಷ ಬ್ಲೇಡಿನದು, ಇಲ್ಲದಿದ್ದರೆ ಬುಷ್, ಚಾಸಿ ನೋಡಿಸಬೇಕು.

ಅಂದಹಾಗೆ, ಬ್ಲೇಡ್ ಹೆಚ್ಚಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ತೂಕದ ಮಿತಿ ಹೆಚ್ಚುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಓವರ್‌ಲೋಡ್‌ಗೆ ಹೇಳುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.