ದನಗಳಲ್ಲಿ ಸುಣ್ಣಗಟ್ಟುವ ರೋಗವೂ ಜೀವಸತ್ತ್ವ ‘ಡಿ’ಯೂ

ಹೊಟ್ಟೆತುಂಬ ಮೇಯುವ ಹಸುವು ದಿನೇ ದಿನೇ ಬಡವಾಗುವುದನ್ನು ಅರ್ಜೆಂಟೀನ ದೇಶದ ದನಗಾಹಿಗಳು ಬಹುಕಾಲದಿಂದ ಬಲ್ಲರು. ಬ್ಯೂನಸ್ ಐರಿಸ್ ಪ್ರಾಂತದ ಸಲಾಡೋ ನದಿಯ ತಗ್ಗುಭೂಮಿಗಳಲ್ಲಿ ಈ ರೋಗವು ವಿಶೇಷ. ಅಲ್ಲಿಯವರು ಇದನ್ನು ‘ಎಂಟೆಕೆ ಸೆಕೊ’ ಎನ್ನುವರು. ರೋಗ ತಗುಲಿದ ದನವು ಬೆನ್ನನ್ನು ಕಮಾನಿನಂತೆ ಬಗ್ಗಿಸಿ, ಕಾಲುಗಳನ್ನು ಸೆಟೆದು ನಿಲ್ಲುವುದು. ಸ್ವಲ್ಪ ನಡೆಸಿದರೂ ಏದುವುದು. ಕಡೆಗೆ ಎಲುಬಿನ ಗೂಡಾಗುವುದು. ಸತ್ತ ಪಶುವನ್ನು ಕೊಯ್ದು ನೋಡಿದರೆ ಮಹಾಧಮನಿಯ ಒಳಮೈ ಗಾರೆ ಬಳಿದಂತೆ ಗಟ್ಟಿಯಾಗಿ ಬಿಳುಪೇರಿರುವುದು. ಶ್ವಾಸಕೋಶ, ಮೂತ್ರಪಿಂಡಗಳಲ್ಲಿಯೂ ಸುಣ್ಣವೇ.

ಇದಕ್ಕೆ ಕಾರಣವು ಬದನೆಯ ಜಾತಿಗೆ ಸೇರಿದ ಒಂದು ಜವುಗುಗಿಡ. ಅದರ ಹಸುರೆಲೆಯನ್ನು ದನಗಳು ಸಾಮಾನ್ಯವಾಗಿ ಮುಟ್ಟವು. ಉದುರಿದ ಎಲೆಗಳು ಹುಲ್ಲಿನೊಡನೆ ಬೆರೆತು ಹೊಟ್ಟೆ ಸೇರುವುವು.

ಎಲೆಗೂ ಸುಣ್ಣಕ್ಕೂ ಏನು ಸಂಬಂಧವೆಂದು ಕೇಳಬಹುದು. ಚರ್ಮದಲ್ಲಿ ಕೊಲೆಸ್ಟರಾಲಿನ ಬಳಗದ ವಸ್ತುವೊಂದಿದೆ. ಬಿಸಿಲು ಬಿದ್ದಾಗ ಅದು ಜೀವಸತ್ತ್ವ ‘ಡಿ’ ಆಗುವುದು. ಹೆಸರು ಜೀವಸತ್ತ್ವವಾದರೂ ಇದನ್ನು ಹಾರ್ಮೋನಿನ ಪೂರ್ವರೂಪವೆನ್ನುವುದೇ ಸರಿ. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ಮಾರ್ಪಟ್ಟ ಮೇಲೆಯೇ ಅದು ಪೂರ್ಣ ಕೆಲಸ ಮಾಡುವುದು. ಮೂತ್ರಪಿಂಡದ ಈ ಪಾತ್ರವು 1970ರಲ್ಲಿಯೂ, ಸಿದ್ಧ ಹಾರ್ಮೋನಿನ ರಚನೆಯು 1971ರಲ್ಲಿಯೂ ತಿಳಿದುಬಂದುವು. ಪೂರ್ವರೂಪವು ಸಾಲದಿದ್ದರೆ ಮಕ್ಕಳಿಗೂ ಕರುಗಳಿಗೂ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುವುದು. ಬಿಸಿಲು ಕಾಣದೆ ಮನೆಯೊಳಗೇ ಇರುವ ಸ್ತ್ರೀಯರಿಗೆ ಎಲುಬುನೋವು ಬರುವುದು.

ಮೂತ್ರಪಿಂಡವು ಇಲ್ಲಿ ಕೆರೆಯ ತೂಬಿದ್ದಂತೆ. ರಕ್ತದಲ್ಲಿ ಸುಣ್ಣಾಂಶ ಕಡಮೆಯಾದರೆ ತೆರೆಯುವುದು, ಸಾಕಾದರೆ ಮುಚ್ಚುವುದು. ಆ ಗಿಡದ ಎಲೆಯಲ್ಲಿರುವುದಾದರೋ ಪೂರ್ವರೂಪವಲ್ಲ. ಸಕ್ಕರೆಯೊಡನೆ ಕೂಡಿಕೊಂಡಿರುವ ಸಿದ್ಧ ಹಾರ್ಮೋನೇ. ತೂಬನ್ನು ಮುಚ್ಚಿದ್ದೂ ವ್ಯರ್ಥ, ಏರಿಯೇ ಒಡೆದಿರುವುದು. ಕರುಳು ಮೇವಿನ ಸುಣ್ಣವನ್ನು ಮಿತಿಮೀರಿ ಹೀರಿಕೊಳ್ಳುವುದರಿಂದ ಅದು ಮೆದು ಅಂಗಗಳಲ್ಲಿ ಕೂಡುವುದು.

ಅರ್ಜೆಂಟೀನದ ಗಿಡವು ನಮಗೆ ದೂರದ್ದು. ಆದರೆ ಇದೇ ಗುಣವುಳ್ಳ ಇನ್ನೊಂದು ಗಿಡವು ನಮ್ಮ ದೇಶದ ಉದ್ಯಾನಗಳಲ್ಲಿಯೂ ಬೆಳೆಯುತ್ತದೆ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಹರಡಿದ ಇದು ರಾತ್ರಿರಾಣಿಯ ಬಳಗದ್ದು. ಬಿಳಿಯ ಹೂವು ಹಗಲಿನಲ್ಲಿ ಪರಿಮಳಿಸುವುದು, ಹಣ್ಣು ಕಪ್ಪು. ಅಮೆರಿಕದ ಫ್ಲಾರಿಡದಲ್ಲಿ ಇದರಿಂದ ದನಗಳಿಗೆ ಇದೇ ರೋಗ ಬಂದುದನ್ನು 1975ರಲ್ಲಿ ಪ್ರಕಟಿಸಿದರು. ಅಂದಕ್ಕೆ ನೆಟ್ಟ ಗಿಡವನ್ನು ಕೀಳಬೇಕೆಂದಲ್ಲ. ಕತ್ತರಿಸಿದ ಸೊಪ್ಪನ್ನು ಮಾತ್ರ ಗೋದಲಿಗೆ ಹಾಕಕೂಡದು, ಮೇವಿನ ಬಯಲಿನ ಅಂಚಿನಲ್ಲಿ ಇದನ್ನು ನೆಡಕೂಡದು.

ಬಡಕಲಾದ ಪಶುವಿಗೆ ಸುಣ್ಣಾಂಶದ ಔಷಧವನ್ನೂ ‘ಡಿ’ ಚುಚ್ಚುಮದ್ದನ್ನೂ ಕೊಡಿಸುವ ಆತುರವುಂಟು. ಈ ರೋಗದಲ್ಲಿ ಅದು ಉರಿಯುವ ಬೆಂಕಿಗೆ ತುಪ್ಪ. ಮೊದಲು ಪಶುವನ್ನು ಆ ಮೇವಿನಿಂದ ಬಿಡಿಸಿ, ಪಶುವೈದ್ಯರಿಗೆ ತೋರಿಸತಕ್ಕದ್ದು. ಅವರಿಗೆ ಗಿಡದ ಒಂದು ರೆಂಬೆಯನ್ನೂ ಒಯ್ದು ಕೊಟ್ಟರೆ ರೋಗನಿರ್ಣಯವು ಸುಲಭವಾಗುವುದು.